ಕೈನೂಲ ಗೌರಿಯೂ ಸಾತವ್ವನ ನೀಲಿ ಕೈಗಳೂ

ಗಣಪನಿಗೆ ಕೈಮುಗಿದು, ಉರಿಯುವ ದೀಪಕ್ಕೆ ಕೈಮುಗಿದು, ಕೈನೂಲ ಗೌರಿಯ ಕಥೆಯನ್ನು ಎತ್ತಿಕೊಂಡದ್ದಾಯಿತು. ಅಕ್ಷತೆ ಹಿಡಿದವರು ಬಾಯಿಮುಚ್ಚಿ ಕೇಳಬೇಕು. ಪಕ್ಕದವಳ ಸೀರೆಯ ವಿಚಾರ ಆಮೇಲೆ ಆಗಬಹುದು.

ಹಂಸಾವತಿಯೆಂಬ ಪಟ್ಟಣದ ಬಣ್ಣಗಾರರ ಓಣಿಯಲ್ಲಿ ಸಂಗಣ್ಣನೆಂಬವನೂ ಅವನ ಹೆಂಡತಿ ಸಾತವ್ವನೂ ಇದ್ದರು. ಸಂಗಣ್ಣನಿಗೆ ವಾಯು ಬಡಿದು ಬಲಗೈ ಬಿದ್ದುಹೋಗಿ ಅವನು ಹಾಸಿಗೆ ಹಿಡಿಯಲು, ಒಲೆ ಆರಬಾರದೆಂದು ಸಾತವ್ವನೇ ಹಿತ್ತಲ ಬಾಗಿಲು ಹಾಕಿಕೊಂಡು, ನೀಲಿಯ ಬಾನಿಗೆ ಕೈಯಿಕ್ಕಿ, ಬಟ್ಟೆ ಅದ್ದಿ, ಗಂಡನ ಹೆಸರಿನಲ್ಲಿ ಮಾರಿಸುತ್ತಿದ್ದಳು. ಹೆಂಗಸು ಮುಟ್ಟಿದರೆ ಬಾನಿ ಸಾಯುತ್ತದೆ, ಬಟ್ಟೆಗೆ ಬಣ್ಣ ಹಿಡಿಯುವುದಿಲ್ಲ, ಹಾಗೆ ಮುಟ್ಟಿದ ಮನೆಯ ಬಾನಿ ದಾಯಾದಿಯ ಪಾಲಾಗಬೇಕು ಎಂಬುದು ಓಣಿಯ ಕಟ್ಟಳೆ. ಮೈದುನ ಭರಮಣ್ಣನ ಕಣ್ಣು ಆ ಬಾನಿಯ ಮೇಲೆಯೇ. ಆದಕಾರಣ ಅವಳು ಮೊಳಕೈವರೆಗೆ ನೀಲಿಯಾದ ಕೈಗಳನ್ನು ಬೇಸಗೆಯಲ್ಲೂ ಸೆರಗಿನಲ್ಲಿ ಸುತ್ತಿಕೊಂಡು ತಿರುಗುವಳು. ಕೆರೆಯ ದಂಡೆ ಸುಮ್ಮನಿದ್ದೀತೇ? ಗಂಡ ಹೊಡೆದ ಗಾಯವೆಂದಳು ಒಬ್ಬಳು. ಮಲಗಿದವನು ಎಲ್ಲಿ ಹೊಡೆದಾನು, ಯಾವನೋ ತೊಡಿಸಿದ ಬಳೆಯನ್ನು ಮುಚ್ಚುತ್ತಿದ್ದಾಳೆ ಎಂದಳು ಇನ್ನೊಬ್ಬಳು. ಎರಡನೆಯದೇ ಹೆಚ್ಚು ರುಚಿಯಾಗಿದ್ದರಿಂದ ಅದೇ ಊರೆಲ್ಲ ಓಡಿತು.

ಹೀಗಿರಲು ಕೈನೂಲ ಗೌರಿಯ ದಿನ ಬಂದಿತು. ಈ ವ್ರತದ ನೂಲನ್ನು ತಾನೇ ಕಟ್ಟಿಕೊಳ್ಳುವಂತಿಲ್ಲ. ಗೆಳತಿಯ ಮುಂದೆ ಬರಿಗೈ ಚಾಚಿ ಕಟ್ಟಿಸಿಕೊಳ್ಳಬೇಕು. ಚಿಕ್ಕಂದಿನ ಗೆಳತಿಯರಾದ ಬಳೆಗಾರ್ತಿ ತಿಪ್ಪವ್ವ, ಗಾಣದ ಮನೆಯ ರೇವವ್ವ ನೂಲು ಹಿಡಿದು ಬಂದು ಬಾಗಿಲು ತಟ್ಟಿದರು. ಸಾತವ್ವ ಒಳಗಿಂದಲೇ ಜ್ವರವೆಂದು ಸುಳ್ಳಾಡಿ, ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ತಾನೇ ಗಂಟು ಹಾಕಿಕೊಂಡಳು. ದೇವಿ ಮುನಿದಳು. ಗಂಟು ಜಾರಿ ನೂಲು ಬಾನಿಯ ತಳ ಸೇರಿತು. ಬೆಳಗಾಗುವಷ್ಟರಲ್ಲಿ ಬಾನಿ ತಣ್ಣಗಾಗಿ, ನೊರೆ ಇಂಗಿ, ಹುಳಿ ನಾತ ಹೊಡೆಯಿತು. ಆ ನಾತ ಗೋಡೆಯಾಚೆ ಭರಮಣ್ಣನ ಮೂಗಿಗೆ ಮಲ್ಲಿಗೆಯಾಯಿತು. ಅವನು ಓಣಿಯ ಹಿರಿಯರಲ್ಲಿಗೆ ಓಡಲು, ನಾಳೆ ಎಲ್ಲರೂ ಹಿತ್ತಲಿಗೆ ಬರುತ್ತೇವೆ, ಬಾನಿಯನ್ನೂ ಕೈಯನ್ನೂ ತೋರಿಸತಕ್ಕದ್ದು ಎಂದು ಅವರು ಹೇಳಿಕಳಿಸಿದರು.

ಸಾತವ್ವನಿಗೆ ಕಾಲಡಿಯ ನೆಲವೇ ಇಲ್ಲದಂತಾಯಿತು. ಬಾವಿಯ ಕಡೆಗೆ ಹೊರಟವಳು, ಏನೆನ್ನಿಸಿತೋ, ಗಾಣದ ಮನೆಗೆ ತಿರುಗಿ, ಅಲ್ಲಿ ಕೂತಿದ್ದ ಗೆಳತಿಯರಿಬ್ಬರ ಮುಂದೆ ಸೆರಗು ಸರಿಸಿ ಕೈ ಚಾಚಿದಳು.

“ಅಯ್ಯೋ ನಿನ್ನ, ಇಷ್ಟೇನಾ?” ಎಂದಳು ತಿಪ್ಪವ್ವ. “ನಾನು ಯಾವನೋ ಸಾಹುಕಾರ ಇದ್ದಾನೆ ಅಂತ ಕಾಯ್ಕೊಂಡಿದ್ದೆನಲ್ಲೇ!”

ರೇವವ್ವ ನಗಲಿಲ್ಲ, ನೂಲು ಕಟ್ಟಿದಳು. “ಹೆದರಿಕೆ ಆದರೆ ಆಗಲಿ. ಕೈ ಮಾತ್ರ ಹಿಂದಕ್ಕೆ ಎಳೀಬ್ಯಾಡ” ಎಂದಳು.

ಮೂವರೂ ಸಾತವ್ವನ ಹಿತ್ತಲಿಗೆ ಕೆಂಡ ತಂದು ಬಾನಿಗೆ ಬಿಸಿಕೊಟ್ಟು, ಬೆಲ್ಲ ಸುಣ್ಣ ಹಾಕಿ, ಕೈಯಿಳಿಸಿ ಕಲಕಿದರು. ಬಾನಿಯ ಅಂಚಿನಲ್ಲಿ ಒಂದಿಷ್ಟು ನೊರೆ ಕಂಡಿತು. ಬದುಕಿತೋ ಇಲ್ಲವೋ, ದೇವಿಗೇ ಗೊತ್ತು.

ಮರುದಿನ ಹಿತ್ತಲು ತುಂಬಿತು. ಭರಮಣ್ಣ, “ಅತ್ತಿಗೆ, ಕೈ!” ಎಂದು ಕೂಗಿದನು. ಕೂಡಲೇ ತಿಪ್ಪವ್ವನೂ ರೇವವ್ವನೂ ತಮ್ಮ ನೀಲಿ ಕೈಗಳನ್ನು ಮೇಲೆತ್ತಿದರು. “ಯಾವ ಕೈ ಬೇಕಪ್ಪಾ, ಆರಿಸಿಕೋ” ಎಂದಳು ತಿಪ್ಪವ್ವ. ಹಿರಿಯರು ತಬ್ಬಿಬ್ಬಾದರು. ಸೆರಗಿನೊಳಗೆ ಕೈಯಿಟ್ಟುಕೊಂಡೇ ಸುಮ್ಮನಿದ್ದರೆ ಸಾತವ್ವನ ತಪ್ಪು ಗೆಳತಿಯರ ತಲೆಗೆ ಹೋಗುತ್ತಿತ್ತು. ಅವಳು ಸೆರಗು ಬಿಟ್ಟಳು.

“ಅವರ ಕೈ ನಿನ್ನೆಯದು. ಇಷ್ಟು ದಿನ ಅದ್ದಿದ್ದು ಈ ಕೈ” ಎಂದವಳೇ, ಬಿಳಿಯ ಬಟ್ಟೆಯನ್ನು ಬಾನಿಗಿಳಿಸಿ ಎತ್ತಿದಳು. ಬಟ್ಟೆ ಹಳದಿ ಹಸಿರಾಗಿ ಬಂದಿತು. ಬದುಕಿದ ಬಾನಿಯ ಬಟ್ಟೆ ಗಾಳಿಗೆ ನೀಲಿಯಾಗುತ್ತದೆ, ಸತ್ತದ್ದರದು ಹಾಗೆಯೇ ಉಳಿಯುತ್ತದೆ. ಅಲ್ಲಿದ್ದ ಮಕ್ಕಳಿಗೂ ಇದು ಗೊತ್ತು. ಸಾತವ್ವ ನಡುವೆ ಹಿಡಿದಿರಲು, ಗೆಳತಿಯರು ಎರಡು ಅಂಚು ಹಿಡಿದು ಬಟ್ಟೆಯನ್ನು ಗಾಳಿಗೊಡ್ಡಿದರು. ಬಟ್ಟೆ ಹಸಿರಾಗಿಯೇ ಇರಲು ಭರಮಣ್ಣ ನಗಲಾರಂಭಿಸಿದನು. ಆಗ ಸಾತವ್ವನ ಹೆಬ್ಬೆರಳ ಬಳಿಯಿಂದ ನೀಲಿ ಎದ್ದು, ಹರಡಿ, ಬಟ್ಟೆಯನ್ನೆಲ್ಲ ನುಂಗಿತು. ಹಿರಿಯರು ಮೆಲ್ಲಗೆ ತಮ್ಮ ತಲೆಯ ನೀಲಿ ರುಮಾಲುಗಳನ್ನು ಮುಟ್ಟಿನೋಡಿಕೊಂಡರು; ಅವೂ ಆ ಬಾನಿಯಲ್ಲೇ ಅದ್ದಿದವು.

ಕಟ್ಟಳೆ ಅಲ್ಲಿಗೇ ಮುರಿಯಿತು, ಬಾನಿ ಸಾತವ್ವನ ಹೆಸರಿಗೇ ನಿಂತಿತು. ಅವಳು ಓಣಿಯ ಹೆಣ್ಣುಮಕ್ಕಳಿಗೆಲ್ಲ ಕಸುಬು ಕಲಿಸಿ ಬಾಳಿದಳು. ಭರಮಣ್ಣನು ಅದೇ ಹಿತ್ತಲಿಗೆ ನೀರು ಹೊತ್ತನೆಂದೂ ಹೇಳುತ್ತಾರೆ. ಅಂದಿನಿಂದ ನೂಲು ಕಟ್ಟುವ ಮೊದಲು ಗೆಳತಿಯ ಮಣಿಕಟ್ಟಿಗೆ ನೀಲಿಯ ಬೊಟ್ಟಿಡುವುದು.

ಈ ಕಥೆಯನ್ನು ಹೇಳಿದವಳಿಗೂ, ಕೇಳಿದವಳಿಗೂ, ನಡುವೆ ತೂಕಡಿಸಿದವಳಿಗೂ ಮುಚ್ಚಿಟ್ಟ ಕೈ ಚಾಚುವ ಧೈರ್ಯವನ್ನು, ಚಾಚಿದ ಕೈ ಹಿಡಿಯುವ ಗೆಳತಿಯನ್ನು ದೇವಿ ಕೊಡಲಿ. ಈಗ ಅಕ್ಷತೆ ಹಾಕಿ, ಪಕ್ಕದವಳ ಕಡೆಗೆ ಕೈ ಚಾಚಿ.