ಬಿಟ್ಟ ಮೂರು ಸುತ್ತು

ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಉತ್ಪಲೆ ಕೈ ನಿಲ್ಲಿಸಿ ಕೇಳಿದಳು:

"ಗುರುಗಳೇ, ಸತ್ತವರಲ್ಲಿ ಕ್ಷಮೆ ಕೇಳುವುದು ಹೇಗೆ?"

"ಯಾರಲ್ಲಿ?"

"ನನಗೆ ಓಟ ಕಲಿಸಿದ ಪೂರ್ಣ ಮಾಸ್ತರಲ್ಲಿ."

ಗುರುಗಳು ದಡದ ಕಲ್ಲಿನ ಮೇಲೆ ಕುಳಿತರು. ಉತ್ಪಲೆ ಹೇಳತೊಡಗಿದಳು:

"ನಮ್ಮದು ಮೂರು ಕಣಿವೆಗಳ ದೇಶ. ಖಂಡದ ಕ್ರೀಡಾಕೂಟಕ್ಕೆ ಮೊದಲ ಸಲ ಹೋಗಿದ್ದೆವು. ಒಬ್ಬ ಬಿಲ್ಲುಗಾರ, ಒಬ್ಬ ಕುಸ್ತಿಪಟು, ನಾನು. ಅವರಿಬ್ಬರೂ ಮೊದಲ ದಿನವೇ ಸೋತರು. ಉಳಿದದ್ದು ನನ್ನ ಹತ್ತು ಸಾವಿರ ಮೀಟರ್ ಓಟ. ಇಪ್ಪತ್ತೈದು ಸುತ್ತು."

"ಗೆಲ್ಲಬೇಕಿತ್ತೇ?"

"ಇಲ್ಲ. 'ಗೆಲ್ಲೋದು ಬೇರೆಯವರಿಗಿರಲಿ, ನೀನು ಮುಗಿಸು. ಫಲಿತಾಂಶದ ಹಾಳೆಯಲ್ಲಿ ನಮ್ಮ ದೇಶದ ಹೆಸರಿನ ಮುಂದೆ ಒಂದು ಸಮಯ ಬರೆದಿರಲಿ' ಅಂದಿದ್ದರು ಮಾಸ್ತರು."

"ಬರೆದರೇ?"

"'ಮುಗಿಸಲಿಲ್ಲ' ಅಂತ ಬರೆದರು."

ಅವಳು ಒದ್ದೆ ಬಟ್ಟೆಯನ್ನು ಹಿಂಡಿದಳು.

"ನನಗಿನ್ನೂ ಮೂರು ಸುತ್ತು ಇರುವಾಗಲೇ ಉಳಿದವರೆಲ್ಲ ಮುಗಿಸಿದ್ದರು. ಮುಂದಿನ ಸ್ಪರ್ಧೆಗೆ ಹರ್ಡಲ್ಸ್ ಹೊತ್ತವರು ನನಗಾಗಿ ಕಾಯುತ್ತಿದ್ದರು. ಯಾರೋ ನಕ್ಕರು. ನಾನು ಹೊರಗೆ ನಡೆದುಬಿಟ್ಟೆ."

"ಮಾಸ್ತರು ಎಲ್ಲಿದ್ದರು?"

"ಕೊನೆಯ ಗೆರೆಯ ಹತ್ತಿರ. ಬಾವುಟ ಬಿಚ್ಚಿ ಹಿಡಿದುಕೊಂಡಿದ್ದರು. ನಾನು ಹೋದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರಂತೆ. ಊರಿಗೆ ಬರುವವರೆಗೂ ಏನೂ ಅನ್ನಲಿಲ್ಲ. ಆ ಚಳಿಗಾಲದಲ್ಲೇ ಹೋಗಿಬಿಟ್ಟರು. ಅವರಿಗೆ ನನ್ನ ಮೇಲೆ ಕೋಪವಿತ್ತೇ, ಗುರುಗಳೇ?"

"ಊಟದ ಹೊತ್ತಾಯಿತು" ಎಂದು ಗುರುಗಳು ಎದ್ದರು.

ಆಶ್ರಮದ ಪಂಕ್ತಿಯಲ್ಲಿ ಕೊನೆಯವರು ಉಂಡು ಮುಗಿಸುವವರೆಗೆ ಯಾರೂ ಏಳುವಂತಿಲ್ಲ.

ಅಂದು ಉತ್ಪಲೆಗೆ ತುತ್ತು ಇಳಿಯಲಿಲ್ಲ. ಎಲ್ಲರ ಎಲೆಯೂ ಬರಿದಾಯಿತು. ಅವಳ ಎಲೆಯಲ್ಲಿ ಅರ್ಧ ಅನ್ನ ಉಳಿದಿತ್ತು.

ಪಕ್ಕದಲ್ಲಿದ್ದ ಶಿಷ್ಯ ಭದ್ರಕ ನಕ್ಕ. "ಓಟಗಾರ್ತಿ ಅಂದ್ರು, ಊಟದಲ್ಲಿ ಆಮೆ ಆಗಿಬಿಟ್ಟೆಯಲ್ಲಕ್ಕಾ! ನನ್ನ ಕಾಲು ಜೋಮು ಹಿಡೀತು."

ಸಾಲಿನುದ್ದಕ್ಕೂ ನಗು ಹರಿಯಿತು.

"ನನ್ನದಾಯಿತು. ಎಲ್ಲರೂ ಏಳಿ" ಎಂದು ಉತ್ಪಲೆ ಅನ್ನ ಬಿಟ್ಟು ಎದ್ದಳು. ಎಲ್ಲರೂ ಕೈ ತೊಳೆಯಲು ಹೋದರು.

ಬಾಗಿಲಲ್ಲಿ ಅವಳು ತಿರುಗಿ ನೋಡಿದಳು.

ಗುರುಗಳು ಎದ್ದಿರಲಿಲ್ಲ. ಬರಿದಾದ ಎಲೆಯ ಮುಂದೆ, ಎಂಜಲು ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಅವಳ ಎಲೆಯ ಕಡೆಗೇ ನೋಡುತ್ತ ಕುಳಿತಿದ್ದರು.

ಅವಳು ಬಹಳ ಹೊತ್ತು ಅಲ್ಲೇ ನಿಂತಳು. ಆಮೇಲೆ ಬಂದು ತನ್ನ ಜಾಗದಲ್ಲಿ ಕುಳಿತಳು. ಅನ್ನ ಆರಿತ್ತು. ಒಂದು ತುತ್ತು ತೆಗೆದುಕೊಂಡಳು, ಬಾಯಿಗಿಡಲಾಗಲಿಲ್ಲ.

"ತುಂಬಾ ಕಾಯಿಸಿಬಿಟ್ಟೆ" ಎಂದಳು.

ಗುರುಗಳು ಬಲಗೈ ಬಿಡಿಸಿ ತೋರಿಸಿದರು.

"ಕೈ ಒಣಗಿದೆ, ಅಷ್ಟೆ. ನೀನು ಉಣ್ಣು."