ಚಳಿಗಾಳಿ ತಂಗಿಯನ್ನು ಮೇಲೆತ್ತಿದ್ದು

ಭೂಮಿ ಇನ್ನೂ ಹಸಿಹಸಿಯಾಗಿತ್ತು, ಮಗು. ಬೆಟ್ಟಗಳು ಆಗಷ್ಟೇ ಎದ್ದು ಕೂತಿದ್ದವು. ಮೋಡ ಅಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಇಬ್ಬನಿ ನೆಕ್ಕಿಯೇ ಎಲ್ಲರ ಬದುಕು.

ಬಡಗಣ ಹಿಮದ ಬೆಟ್ಟದಲ್ಲಿ ಚಳಿಗಾಳಿ ಇದ್ದ. ಮೈ ಭಾರ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡೇ ತೆವಳುತ್ತಿದ್ದ. ತೆಂಕಣ ಕಡಲ ದಂಡೆಯಲ್ಲಿ ಅವನ ತಂಗಿ ಬಿಸಿಗಾಳಿ. ಹತ್ತಿಯ ಎಳೆಯಷ್ಟು ಹಗುರ.

ಒಂದು ದಿನ ತಂಗಿಗೆ ಅಣ್ಣನ ನೆನಪಾಯಿತು. ಕಡಲಮ್ಮ ಅವಳ ಮಡಿಲಿಗೆ ಕಣ್ಣಿಗೆ ಕಾಣದ ನೀರು ತುಂಬಿ, "ಅಣ್ಣನಿಗೆ ಕೊಡು ಮಗಳೇ, ದಾರೀಲಿ ಚೆಲ್ಲಬೇಡ" ಅಂದಳು. ಅದೇ ದಿನ ಅಣ್ಣನೂ ತಂಗಿಯನ್ನು ನೋಡಲು ಹೊರಟ.

ನಡುವೆ ದೊಡ್ಡ ಬಯಲು. ಅಲ್ಲಿ ದ್ಯಾವವ್ವ ಎಂಬ ಮುದುಕಿ ಕುರಿ ಕಾಯುತ್ತಿದ್ದಳು. ಅಣ್ಣ ತಂಗಿ ಎದುರಾದದ್ದು ಆ ಬಯಲಲ್ಲೇ. ಅಪ್ಪಿಕೊಳ್ಳಲು ಹೋದರು, ಆಗಲಿಲ್ಲ. ಚಳಿ ಒಂದು ಕಡೆ, ಬಿಸಿ ಒಂದು ಕಡೆ. ಎಣ್ಣೆ ನೀರಿನ ಹಾಗೆ ಬೆರೆಯಲೇ ಇಲ್ಲ. ಇಬ್ಬರೂ ಮುಖಾಮುಖಿ ನಿಂತುಬಿಟ್ಟರು.

ಗಾಳಿಯೇ ನಿಂತರೆ? ಎಲೆ ಅಲ್ಲಾಡಲಿಲ್ಲ. ಕುರಿಗಳು ಬಾಯಿ ತೆರೆದು ತೇಕಿದವು. ನಿನ್ನೆ ಹುಟ್ಟಿದ ಮರಿಯೊಂದು ದ್ಯಾವವ್ವನ ತೊಡೆಯ ಮೇಲೆ ಕಣ್ಣು ಮುಚ್ಚಿತು.

"ಯಾರಾದರೂ ಒಬ್ಬರು ದಾರಿ ಬಿಡ್ರಪ್ಪಾ!" ಅವಳು ಕೂಗಿದಳು. "ನನ್ನ ಮರಿಗೆ ಉಸಿರು ಕಟ್ಟೈತಿ."

"ನಾನು ಭಾರ ಅಜ್ಜೀ, ಮೇಲೇಳಲಾರೆ" ಅಂದ ಚಳಿಗಾಳಿ.

"ನಾನು ಏಳಬಲ್ಲೆ," ಬಿಸಿಗಾಳಿ ಮೆಲ್ಲಗೆ ಅಂದಳು. "ಆದರೆ ಮಡಿಲ ನೀರು ಚೆಲ್ಲಿಹೋಗುತ್ತೆ. ಅಮ್ಮನಿಗೆ ಏನು ಹೇಳಲಿ?"

ದ್ಯಾವವ್ವ ಮರಿಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು.

ಬಿಸಿಗಾಳಿ ಅದನ್ನೇ ನೋಡಿದಳು. ಆಮೇಲೆ, "ಅಣ್ಣಾ, ನನ್ನನ್ನು ಎತ್ತು" ಅಂದಳು.

ಚಳಿಗಾಳಿ ಅವಳ ಪಾದದಡಿ ನುಸುಳಿ ಬೆನ್ನು ಕೊಟ್ಟ. ತಂಗಿ ಮೇಲೆ ಹೋದಳು, ಇನ್ನೂ ಮೇಲೆ ಹೋದಳು. ಅಲ್ಲಿ ಥಂಡಿ. ಕಾಣದ ನೀರು ಕಾಣತೊಡಗಿತು. ಮೊದಲು ಬೆಳ್ಳಗೆ, ಆಮೇಲೆ ಬೂದಿಬಣ್ಣ, ಆಮೇಲೆ ಕಪ್ಪು. ಮಡಿಲು ಜಗ್ಗಿತು. ಹೆದರಿ ಅವಳು ಗುಡುಗಿದಳು, ಮಡಿಲ ನೀರೆಲ್ಲ ಚೆಲ್ಲಿಹೋಯಿತು.

ಕೆಳಗೆ ಬಯಲ ತುಂಬ ತಣ್ಣನೆ ಗಾಳಿ ಹರಿಯಿತು. ಮರಿ ಕಣ್ಣು ಬಿಟ್ಟು, ಮೂಗಿನ ಮೇಲೆ ಬಿದ್ದ ಹನಿಗೆ ಸೀನಿತು.

"ಅಮ್ಮ ಕೊಟ್ಟದ್ದು ಚೆಲ್ಲಿಬಿಟ್ಟೆ ಅಣ್ಣಾ!" ಮೇಲಿನಿಂದ ಅಳು ಕೇಳಿತು.

"ಚೆಲ್ಲಿಲ್ಲ ಕಣೇ," ತೊಯ್ದು ತೊಪ್ಪೆಯಾದ ಚಳಿಗಾಳಿ ನಕ್ಕ. "ಎಲ್ಲ ನನ್ನ ಬೆನ್ನ ಮೇಲೇ ಬಿತ್ತು."

ಅದಕ್ಕೇ ಮಗು, ಇವತ್ತಿಗೂ ಸೆಕೆಯಲ್ಲಿ ಎಲೆ ಅಲುಗದೆ ನಿಂತು, ಬಾನಂಚಿನಲ್ಲಿ ಕಪ್ಪು ಗೋಡೆ ಎದ್ದು, ನಿನ್ನ ಕಾಲಿಗೆ ಫಕ್ಕನೆ ತಣ್ಣನೆ ಗಾಳಿ ಸೋಕಿದರೆ, ಹಿಂದೆಯೇ ಮಳೆ ಬರುತ್ತದೆ.