ಏಣಿಯ ಕಾಲಿಗೆ ಏನು ಹಾಕುವುದು?

ಎರಡು ವರ್ಷ ಎಳೆದ ಜಗಳವೊಂದು ಕಾಫಿ ಆರುವುದರೊಳಗೆ ಹೇಗೆ ಮುಗಿಯಿತು, ಊಹಿಸಿ ನೋಡೋಣ? ಆಗಲ್ಲ ಬಿಡಿ, ನಾನೇ ಹೇಳುತ್ತೇನೆ. ಆ ಜಗಳ ನಡೆದ ಸಮಿತಿಯಲ್ಲಿ ನಾನೂ ಒಂದು ಕುರ್ಚಿ ತುಂಬಿಸಿದವನೇ!

ಲೈನ್‌ಮನ್‌ಗಳ ಏಣಿಯ ಕಾಲಿಗೆ ಏನಿರಬೇಕೆಂದು ನಾವು ಗೊತ್ತುಮಾಡಬೇಕಿತ್ತು. ಪ್ರೊಫೆಸರ್ ಜಂಬುನಾಥರು ರಬ್ಬರ್ ಎನ್ನುವರು, ಎಂಜಿನಿಯರ್ ಉತ್ತಯ್ಯನವರು ಕಬ್ಬಿಣದ ಮೊಳೆ ಎನ್ನುವರು. ಅತ್ತ ಏಣಿ ಜಾರಿ ಜನ ಬೀಳುತ್ತಲೇ ಇದ್ದರು.

ಅವತ್ತು ಅಧ್ಯಕ್ಷ ಸಿರಗುಪ್ಪಿಯವರು ನಡಾವಳಿ ಬರೆಯುವ ಗುಮಾಸ್ತನ ಮೇಲೆ ಹರಿಹಾಯ್ದರು. "ಇವತ್ತು ತೀರ್ಮಾನ ಬರೆದು ಕೊಡದಿದ್ರೆ ನಿನಗೆ ಬೀದರಿಗೆ ವರ್ಗ!"

ಪಾಪ, ಅವನ ಮಗಳ ಹೆರಿಗೆ ಆ ತಿಂಗಳೇ. ಎದ್ದು ಕೈ ಮುಗಿದ.

"ಪ್ರೊಫೆಸರ್ ಸಾರ್, ನನ್ನ ತಲೆ ಮಂದ. ಉತ್ತಯ್ಯ ಸಾರ್ ಹೇಳಿದ್ದನ್ನ ನೀವೇ ಹೇಳಿಬಿಡಿ. ಅವರು ಹೌದು ಅಂದಮೇಲೆ ಬರ್ಕೋತೀನಿ."

"ಅವರದೇನು, ಬರೀ ಹಟ!"

"ಅಲ್ಲ!" ಎಂದರು ಉತ್ತಯ್ಯ.

"ಸರಿ, ಕೆಸರಲ್ಲಿ ರಬ್ಬರ್ ಜಾರುತ್ತೆ ಅಂತಾರೆ."

"ಹೌದು!"

"ಜಾರೋದೇನೋ ನಿಜ," ಎಂದು ಪ್ರೊಫೆಸರ್ ಮೆಲ್ಲಗೆ ಸೇರಿಸಿದರು.

ಈಗ ಉತ್ತಯ್ಯನವರ ಸರದಿ. "ಸಿಮೆಂಟ್ ನೆಲದಲ್ಲಿ ಮೊಳೆ ಜಾರುತ್ತೆ ಅಂತಾರೆ. ನಾನೆಲ್ಲಿ ಇಲ್ಲ ಅಂದೆ?"

"ಹಾಗಾದ್ರೆ ಮೊಳೆಗೆ ಬೇಕಾದಾಗ ಹಾಕಿ ತೆಗೆಯೋ ರಬ್ಬರ್ ಟೋಪಿ ಮಾಡಿಸೋಣ," ಎಂದರು ಪ್ರೊಫೆಸರ್.

ಅಧ್ಯಕ್ಷರು ಕೆಂಪಾದರು. "ಗುಮಾಸ್ತ ಸಭೆ ನಡೆಸೋದಾ? ನಾನು ಒಪ್ಪಲ್ಲ!"

"ಆಗಲಿ ಸಾರ್. ಇವರಿಬ್ಬರೂ ಹೇಳಿದ್ದೇನು ಅಂತ ಮೊದಲು ತಾವು ಹೇಳಿಬಿಡಿ."

ಅಧ್ಯಕ್ಷರು ಬಾಯಿ ತೆರೆದರು. ಫ್ಯಾನ್ ನೋಡಿದರು. ಕೊನೆಗೆ, "ಸರ್ವಾನುಮತ ಅಂತ ಬರ್ಕೊ," ಎಂದರು.

ನಾವು ಒಬ್ಬರ ಮಾತನ್ನೊಬ್ಬರು ಕಿವಿಗೊಟ್ಟು ಕೇಳಿದ ಮೊದಲ ದಿನ ಅದು: 1987ನೇ ಇಸವಿ, ಆಗಸ್ಟ್ ಹನ್ನೆರಡು, ಬುಧವಾರ.